ಬಾಕ್ಸರ್ ಎಂಎಂಎಗೆ ಬಂದರೆ ಮೊದಲು ತಿದ್ದಬೇಕಾದ್ದು ಕಾಲನ್ನು

ಮೈಸೂರಲ್ಲಿ ಎಂಎಂಎ (ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಮುಷ್ಟಿ, ಒದೆತ, ಪಟ್ಟು ಮೂರೂ ನಡೆಯೋ ಕಾಳಗ) ತರಬೇತಿಗೆ ಬರುವವರಲ್ಲಿ ಬಾಕ್ಸಿಂಗ್ ಕಲಿತ ಹುಡುಗರದು ಒಂದು ಗುಂಪು, ಗರಡಿಯಲ್ಲಿ ಸಾಮು ಮಾಡಿದವರದು ಇನ್ನೊಂದು. ಮುಷ್ಟಿ ಮೇಲೋ, ಒದೆತ ಮೇಲೋ, ಪಟ್ಟು ಮೇಲೋ ಅನ್ನೋ ವಾದ ಇವರ ನಡುವೆ ಮುಗಿಯೋದೇ ಇಲ್ಲ. ಕಲಿಸುವವರು ನೋಡಬೇಕಾದ್ದು ದೂರವನ್ನು. ಕಾಲು ಚಾಚಿದರೆ ತಾಗುವ ದೂರ ಒದೆಯುವವನದು, ಎದೆಗೆ ಎದೆ ತಾಗಿದರೆ ಪೈಲ್ವಾನನದು. ಬಾಕ್ಸರ್‌ಗೆ ಉಳಿಯೋದು ಇವೆರಡರ ನಡುವಿನ ಒಂದು ಹೆಜ್ಜೆ ಜಾಗ. ಅಲ್ಲಿ ಅವನೇ ರಾಜ, ನಿಜ. ಆದರೆ ಒದೆತ ದಾಟಿ ಒಳಗೆ ಬರಬೇಕು, ಹಿಡಿತಕ್ಕೆ ಸಿಗದೆ ಹೊರಗೆ ಹೋಗಬೇಕು.

ಅವನಿಗೆ ಮೊದಲ ಪೆಟ್ಟು ಬೀಳೋದು ಮುಂದಿನ ಕಾಲಿಗೆ. ಬಾಕ್ಸಿಂಗ್‌ನಲ್ಲಿ ಮೈ ಓರೆ ಮಾಡಿ, ಮುಂದಿನ ಪಾದವನ್ನು ಸ್ವಲ್ಪ ಒಳಕ್ಕೆ ತಿರುಗಿಸಿ, ಭಾರವನ್ನು ಅದರ ಮೇಲೆ ಹಾಕಿ ಹೊಡೆಯೋದು ಸರಿಯೇ. ಎಂಎಂಎಯಲ್ಲಿ ಹಾಗೆ ನಿಂತರೆ ಮೀನಖಂಡದ ಹೊರಮಗ್ಗುಲು ಎದುರಾಳಿಗೆ ತೆರೆದುಕೊಳ್ಳುತ್ತೆ. ಮಂಡಿಯ ಸ್ವಲ್ಪ ಕೆಳಗೆ, ಹೊರಗಡೆ, ಪಾದ ಎತ್ತುವ ನರ ಚರ್ಮಕ್ಕೆ ಹತ್ತಿರವಾಗಿಯೇ ಹಾದುಹೋಗುತ್ತೆ. ಅಲ್ಲಿ ಮೂರ್ನಾಲ್ಕು ಸಲ ಸರಿಯಾಗಿ ಬಿದ್ದರೆ ಪಾದ ಮಾತು ಕೇಳಲ್ಲ. 2021ರ ಜನವರಿಯಲ್ಲಿ ಅಬುಧಾಬಿಯ ಎಂಎಂಎ ಪಂದ್ಯದಲ್ಲಿ ಡಸ್ಟಿನ್ ಪೋರಿಯೆ ಕಾನರ್ ಮೆಕ್‌ಗ್ರೆಗರ್‌ಗೆ ಮಾಡಿದ್ದು ಇದನ್ನೇ. ಮೀನಖಂಡಕ್ಕೆ ಒದೆಯೋ ಕಾಫ್ ಕಿಕ್‌ನಿಂದ ಕಾಲು ಕೆಡಿಸಿ, ಎರಡನೇ ರೌಂಡಲ್ಲಿ ಕೈಯಿಂದಲೇ ಮುಗಿಸಿದ.

ತಿದ್ದೋದು ಹೀಗೆ: ಪಾದಗಳನ್ನು ಕೊಂಚ ಅಗಲಿಸಿ, ಸೊಂಟ ಇನ್ನಷ್ಟು ಎದುರಿಗೆ, ಮುಂದಿನ ಪಾದದ ಬೆರಳು ನೇರಕ್ಕೆ. ಜೊತೆಗಾರ ಮಂಡಿಯ ಕೆಳಗಿನ ಮೂಳೆಗೆ ಶಿನ್ ಪ್ಯಾಡ್ ಕಟ್ಟಿಕೊಂಡು ಮೆಲ್ಲಗೆ ಒದೆಯಬೇಕು. ಬಾಕ್ಸರ್ ಪ್ರತಿ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಆದ ತಕ್ಷಣ ಮುಂದಿನ ಕಾಲು ಎತ್ತಿ ಮಂಡಿಯನ್ನು ಹೊರಕ್ಕೆ ತಿರುಗಿಸಬೇಕು, ಒದೆತ ಮೀನಖಂಡದ ಬದಲು ಮೂಳೆಗೆ ಬೀಳಲಿ ಅಂತ. ಮೂರು ನಿಮಿಷದ ನಾಲ್ಕು ರೌಂಡ್ ಸಾಕು. ಕಾಲು ತಕ್ಷಣ ಮೇಲೇಳಲಿಲ್ಲ ಅಂದರೆ ಭಾರ ಇನ್ನೂ ಮುಂದೇ ಇದೆ ಅಂತ ಅರ್ಥ.

ಆಮೇಲೆ ತಲೆ. ಸೊಂಟದ ಮಟ್ಟಕ್ಕೆ ಬಗ್ಗಿ ಹುಕ್ (ಪಕ್ಕದಿಂದ ಬೀಸೋ ಹೊಡೆತ) ತಪ್ಪಿಸಿಕೊಳ್ಳೋ ಹುಡುಗನ ಮುಖಕ್ಕೆ ಇಲ್ಲಿ ಮಂಡಿ ಕಾದಿರುತ್ತೆ. ತಲೆ ಒಂದು ಮುಷ್ಟಿಯಷ್ಟು ಸರಿದರೆ ಸಾಕು. ಗ್ಲೌಸ್ ವ್ಯತ್ಯಾಸವನ್ನು ಹೆಚ್ಚಿನವರು ಲೆಕ್ಕಕ್ಕೇ ತಗೊಳ್ಳಲ್ಲ. 16 ಔನ್ಸಿನ ಅಭ್ಯಾಸದ ಗ್ಲೌಸ್ ಹಿಂದೆ ಮುಖ ಇಡೀ ಮುಚ್ಚುತ್ತೆ. 4 ಔನ್ಸ್, ಅಂದರೆ ಸುಮಾರು 113 ಗ್ರಾಂನ ಎಂಎಂಎ ಗ್ಲೌಸಲ್ಲಿ ಅದೇ ರೀತಿ ಕೈ ಹಿಡಿದರೆ ಪೆಟ್ಟು ಸಂದಿಯಲ್ಲೇ ನುಗ್ಗುತ್ತೆ.

ಮೂರನೇದು ಹೊಡೆತದ ಎಣಿಕೆ. ಬ್ಯಾಗಿನ ಮುಂದೆ ಆರೇಳು ಹೊಡೆತ ಸರಾಗ ಹರಿಯೋ ಹುಡುಗ ಅಷ್ಟೂ ಹೊತ್ತು ಒಂದೇ ಜಾಗದಲ್ಲಿ ನಿಂತಿರುತ್ತಾನೆ, ಕೈ ಎರಡೂ ಮೇಲೆ, ತೊಡೆ ಎರಡೂ ಬಯಲು. ಎರಡು ಅಥವಾ ಮೂರು ಹೊಡೆದು ಪಕ್ಕಕ್ಕೆ ಸರಿ, ನೇರ ಹಿಂದಕ್ಕಲ್ಲ. 2010ರಲ್ಲಿ ಬಾಕ್ಸಿಂಗ್‌ನ ಮಾಜಿ ಚಾಂಪಿಯನ್ ಜೇಮ್ಸ್ ಟೋನಿಯನ್ನು ಎಂಎಂಎ ಪಂದ್ಯದಲ್ಲಿ, ಕುಸ್ತಿಯಿಂದ ಬಂದ ರ್‍ಯಾಂಡಿ ಕೂಚರ್ ಕಾಲು ಹಿಡಿದು ಕೆಡವಿ, ಮೊದಲ ರೌಂಡಲ್ಲೇ ಕತ್ತು ಅದುಮಿ ಸೋಲೊಪ್ಪಿಸಿದ. ಟೋನಿಯ ಕೈಚಳಕ ಕೆಲಸಕ್ಕೆ ಬರೋ ಮೊದಲೇ ಆಟ ಮುಗಿದಿತ್ತು.

ಹಾಗಂತ ಒದೆತವೇ ಮೇಲು ಅನ್ನೋರ ಮಾತು ನಾನು ಒಪ್ಪಲ್ಲ. ಒದೆಯುವಾಗ ನಿಂತಿರೋದು ಒಂಟಿ ಕಾಲಲ್ಲಿ. ಒದೆದ ಕಾಲು ಕೈಗೆ ಸಿಕ್ಕರೆ ಗರಡಿ ಹುಡುಗರಿಗೆ ಹಬ್ಬ. 2015ರ ಎಂಎಂಎ ಪಂದ್ಯದಲ್ಲಿ ಬಾಕ್ಸಿಂಗ್‌ನಿಂದ ಬಂದ ಹಾಲಿ ಹೋಮ್, ಪಟ್ಟಿನಲ್ಲಿ ಪಳಗಿದ ರೊಂಡಾ ರೌಸಿಯನ್ನು ಕೆಡವಿದ ಒದೆತ ಎಲ್ಲರಿಗೂ ನೆನಪಿದೆ. ಅದಕ್ಕೂ ಮುಂಚೆ ಮೊದಲ ರೌಂಡಲ್ಲಿ ಹೆಚ್ಚು ಹೊತ್ತು ಹಿಡಿತಕ್ಕೆ ಸಿಗದೆ ರೌಸಿಯನ್ನು ಸುಸ್ತು ಮಾಡಿದ್ದು ಹೋಮ್‌ರ ಬಾಕ್ಸಿಂಗ್ ಕಾಲ್ಚಳಕ ಮತ್ತು ನೇರ ಎಡಗೈ.

ಇನ್ನು ಗರಡಿಯವರು. (ಮುಷ್ಟಿ, ಪಟ್ಟು ಎರಡೂ ಬೆರೆತ ಕಾಳಗ ಈ ಊರಿಗೆ ಹೊಸದೇನಲ್ಲ, ವಿಜಯದಶಮಿಗೆ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇದ್ದೇ ಇದೆ.) ಕೆಡವೋದನ್ನು ಇವರಿಗೆ ಹೇಳಿಕೊಡಬೇಕಿಲ್ಲ. ತೊಂದರೆ ಇರೋದು ಬಿದ್ದ ಮೇಲೆ. ದಸರಾ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಂದರೆ ಸೋಲು, ಅದಕ್ಕೇ ಬಿದ್ದವನು ಮಕಾಡೆ ಮಲಗಿ ಉಳಿದುಕೊಳ್ಳುತ್ತಾನೆ. ಎಂಎಂಎಯಲ್ಲಿ ಮಕಾಡೆ ಮಲಗೋದು ಅಂದರೆ ಬೆನ್ನನ್ನು ಎದುರಾಳಿಗೆ ಒಪ್ಪಿಸಿದ ಹಾಗೆ. ಅವನು ಮೇಲೆ ಹತ್ತಿ, ಎರಡೂ ಕಾಲು ತೊಡೆಸಂದಿಗೆ ಸಿಕ್ಕಿಸಿ, ಕತ್ತಿನ ಸುತ್ತ ತೋಳು ಹಾಕುತ್ತಾನೆ. ಬಿಡಿಸಿಕೊಳ್ಳೋಕೆ ಗದ್ದ ಒಳಗೆ ಎಳೆದುಕೊಂಡು, ಕತ್ತಿಗೆ ಬರೋ ಕೈಯ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಭುಜ ಮತ್ತು ಬೆನ್ನನ್ನು ಮ್ಯಾಟಿಗೆ ಒತ್ತಬೇಕು. ಗರಡಿ ಹುಡುಗನಿಗೆ ಕಷ್ಟವಾಗೋದು ಈ ಕೊನೆಯ ಮಾತೇ. ಬೆನ್ನು ನೆಲಕ್ಕೆ ತಾಗಿಸಪ್ಪ ಅಂದರೆ ಮೈ ತಾನಾಗೇ ಮಗುಚಿಕೊಳ್ಳುತ್ತೆ. ಮೊದಲ ಹದಿನೈದು ದಿನ ಅವನಿಗೆ ಬೇರೇನೂ ಬೇಡ, ಇದೊಂದನ್ನೇ ದಿನಕ್ಕೆ ಮೂವತ್ತು ಸಲ ಮಾಡಿಸಿ.