ನೆಗ್ಗಿದ ಬುತ್ತಿ ಡಬ್ಬಿ

ವಾರ್ಷಿಕ ಸಂಚಿಕೆಗೆ ಗುರುಗಳೊಬ್ಬರ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಮ್ಮ ಮೆಕ್ಯಾನಿಕಲ್ ವಿಭಾಗದ ಯಾರಾದರೊಬ್ಬರು ನೆನಪಾಗಬೇಕಿತ್ತು. ನೆನಪಾದವರು ನನಗೆ ಒಂದು ದಿನವೂ ಪಾಠ ಹೇಳದ, ನಾನು ಗ್ಯಾಲರಿಯಿಂದ ಮಾತ್ರ ಕಂಡಿದ್ದ ಫುಟ್‌ಬಾಲ್ ಕೋಚ್ ಬಡ್ ಫೋಸ್ಟರ್. ಇಲ್ಲಿ ಬಿ.ಇ. ಮುಗಿಸಿ 2006ರ ಆಗಸ್ಟ್‌ನಲ್ಲಿ ನಾನು ಎಂ.ಎಸ್. ಓದಲು ಅಮೆರಿಕದ ವರ್ಜೀನಿಯಾ ಟೆಕ್ ಸೇರಿದೆ. ಅದಿರುವ ಬ್ಲ್ಯಾಕ್ಸ್‌ಬರ್ಗ್ ಗುಡ್ಡಗಳ ನಡುವಿನ ಸಣ್ಣ ಊರಾದರೂ, ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ) ಇರುವ ದಿನ ಅಲ್ಲಿನ ಲೇನ್ ಸ್ಟೇಡಿಯಮ್ಮಿನಲ್ಲಿ 65,000ಕ್ಕೂ ಹೆಚ್ಚು ಜನ ಸೇರುತ್ತಿದ್ದರು.

ಮೊದಲ ಎರಡು ಪಂದ್ಯಗಳಲ್ಲಿ ನನಗೆ ಏನೂ ತಿಳಿಯಲಿಲ್ಲ. ಧಾರವಾಡದ ಕಡೆಯ ಹಿರಿಯ ವಿದ್ಯಾರ್ಥಿಯೊಬ್ಬರು ಪಕ್ಕದಲ್ಲಿ ಕೂತು, "ಚೆಂಡಿನ ಹಿಂದ ಓಡಬ್ಯಾಡ, ನಮ್ಮ ಲೈನ್‌ಬ್ಯಾಕರ್‌ಗಳ ಕಾಲು ನೋಡು, ಆಟ ತಾನs ತಿಳೀತದ" ಎಂದರು. ಲೈನ್‌ಬ್ಯಾಕರ್ ಎಂದರೆ ರಕ್ಷಣೆಯ ಮುಂಚೂಣಿಯ ಹಿಂದೆ ನಿಲ್ಲುವ ಆಟಗಾರರು. ಆ ಮಾತು ನಿಜವಾಯಿತು. ಎದುರಾಳಿಗೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶಗಳಿರುತ್ತವೆ. ಅವನ್ನು ವ್ಯರ್ಥಗೊಳಿಸುವುದೇ ರಕ್ಷಣಾ ಪಡೆಯ ಕೆಲಸ. ಆ ಪಡೆಯನ್ನು ಕಟ್ಟುತ್ತಿದ್ದವರು ಫೋಸ್ಟರ್. ನಾನು ಕಂಡ ಆ ಮೊದಲ ಹಂಗಾಮಿನಲ್ಲಿ ಅವರ ಪಡೆ ಪಂದ್ಯಕ್ಕೆ ಸರಾಸರಿ 11 ಅಂಕಗಳನ್ನಷ್ಟೇ ಬಿಟ್ಟುಕೊಟ್ಟು ಇಡೀ ದೇಶಕ್ಕೆ ಮೊದಲಾಯಿತು. ವರ್ಷದ ಅತ್ಯುತ್ತಮ ಸಹಾಯಕ ಕೋಚ್‌ಗೆ ಸಲ್ಲುವ ಬ್ರಾಯಲ್ಸ್ ಪ್ರಶಸ್ತಿಯೂ ಅವರಿಗೆ ಬಂತು. ಗುರುವಾರ ರಾತ್ರಿಯ ಪಂದ್ಯವೊಂದರಲ್ಲಿ, ಅಂಕಗಳ ಮಳೆ ಸುರಿಸುತ್ತ ಬಂದಿದ್ದ ಕ್ಲೆಮ್ಸನ್ ತಂಡವನ್ನು 24–7ಕ್ಕೆ ಕಟ್ಟಿಹಾಕಿದ ಮೇಲೆ ನನ್ನ ಗಂಟಲು ಎರಡು ದಿನ ಬಿದ್ದುಹೋಗಿತ್ತು.

ಆದರೆ ನನ್ನನ್ನು ಹಿಡಿದಿಟ್ಟದ್ದು ಅಂಕಪಟ್ಟಿಯಲ್ಲ, ಒಂದು ಡಬ್ಬಿ. 1995ರಲ್ಲಿ ಫೋಸ್ಟರ್ ಮತ್ತು ರಾಡ್ ಶಾರ್ಪ್‌ಲೆಸ್ ಜೊತೆಯಾಗಿ ರಕ್ಷಣೆಯ ಹೊಣೆ ಹೊತ್ತಾಗ, ಶಾರ್ಪ್‌ಲೆಸ್ ಅವರ ಅತ್ತೆ ಕಲ್ಲಿದ್ದಲು ಗಣಿ ಕಾರ್ಮಿಕನೊಬ್ಬನಿಂದ ತಂದುಕೊಟ್ಟ ತುಕ್ಕು ಹಿಡಿದ ಬುತ್ತಿ ಡಬ್ಬಿಯೇ ತಂಡದ ಗುರುತಾಯಿತು. ಅದನ್ನು ಹೊತ್ತು ತರುವುದು ಆಟಗಾರರಿಗೆ ಹೆಮ್ಮೆಯ ವಿಷಯ. ಹೊರಗಿನ ಮೈದಾನದಲ್ಲಿ ಗೆದ್ದರೆ ಅಲ್ಲಿನ ಹುಲ್ಲಿನ ಹೆಂಟೆಯೊಂದನ್ನು ಕಿತ್ತು ಅದರೊಳಗೆ ಇಡುತ್ತಿದ್ದರು. ನನ್ನ ತಂದೆ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು. ಪಾಳಿ ಮುಗಿಸಿ ಬಂದಾಗ ಅವರ ಡಬ್ಬಿಯಿಂದ ಪುಂಡಿಪಲ್ಯದ ಹುಳಿಯ ಜೊತೆಗೆ ಯಂತ್ರದ ಎಣ್ಣೆಯ ವಾಸನೆಯೂ ಬರುತ್ತಿತ್ತು. ಮುಚ್ಚಳದ ಒಂದು ಮೂಲೆ ನೆಗ್ಗಿ, ಕಲ್ಲಿನಿಂದ ಕುಟ್ಟದೆ ಕೂರುತ್ತಿರಲಿಲ್ಲ. ಬಡಾಯಿಯ ಮಾತುಗಳಿಗೆ ಬರವಿಲ್ಲದ ಆ ಆಟದಲ್ಲಿ ಒಬ್ಬ ಕೋಚ್ ಇಂಥದೊಂದು ವಸ್ತುವನ್ನು ಆರಿಸಿಕೊಂಡದ್ದು ನನಗೆ ಬಹಳ ಹಿಡಿಸಿತು.

ಅವರ ವೃತ್ತಿಯ ದಾರಿಯೂ ಹಾಗೆಯೇ ಆಡಂಬರವಿಲ್ಲದ್ದು. ಕೆಂಟಕಿಯಲ್ಲಿ ಹುಟ್ಟಿ, ಇಲಿನಾಯ್‌ನ ನೊಕೊಮಿಸ್‌ನಲ್ಲಿ ಬೆಳೆದು, ಮರ್ರೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡಿ, ಅಲ್ಲಿಯೇ ಮುಖ್ಯ ಕೋಚ್ ಫ್ರಾಂಕ್ ಬೀಮರ್ ಅವರ ಕೈಕೆಳಗೆ ಕೋಚ್ ಆದ ಅವರು, 1987ರಲ್ಲಿ ಬೀಮರ್ ಜೊತೆ ಬ್ಲ್ಯಾಕ್ಸ್‌ಬರ್ಗ್‌ಗೆ ಬಂದವರು ಮತ್ತೆ ಊರು ಬಿಡಲಿಲ್ಲ. 1992ರಲ್ಲಿ ತಂಡ ಎರಡೇ ಪಂದ್ಯ ಗೆದ್ದಾಗ ಸಹಾಯಕರಲ್ಲಿ ಹಲವರು ಬದಲಾದರು, ಫೋಸ್ಟರ್ ಉಳಿದರು. 1995ರಲ್ಲಿ ಮೊದಲ ಎರಡು ಪಂದ್ಯಗಳನ್ನು ಸೋತ ತಂಡ ಆಮೇಲೆ ಸತತ ಒಂಬತ್ತು ಗೆದ್ದು, ಹಂಗಾಮಿನ ಕೊನೆಯ ದೊಡ್ಡ ಪಂದ್ಯವಾದ ಶುಗರ್ ಬೌಲ್‌ನಲ್ಲಿ ಟೆಕ್ಸಸ್ಸನ್ನು 28–10ರಿಂದ ಮಣಿಸಿತು. ಅವರು ಎಂದೂ ಮುಖ್ಯ ಕೋಚ್ ಆಗಲಿಲ್ಲ. ಇದನ್ನು ಕೊರತೆಯೆಂದು ಹೇಳುವವರಿದ್ದಾರೆ. 33 ಹಂಗಾಮು ಒಂದೇ ಕಡೆ ನಿಂತು ಕೆಲಸ ಮಾಡುವುದಕ್ಕಿಂತ ಆ ಪಟ್ಟ ದೊಡ್ಡದೆಂದು ನನಗೆ ಅನಿಸಿಲ್ಲ.

2007ರ ಏಪ್ರಿಲ್ 16ರಂದು ನಮ್ಮ ಕ್ಯಾಂಪಸ್ಸಿನಲ್ಲಿ ಗುಂಡಿನ ದಾಳಿಗೆ 32 ಜನ ಬಲಿಯಾದರು. ಅವರಲ್ಲಿ ತಮಿಳುನಾಡಿನಿಂದ ಬಂದು ಜಲವಿಜ್ಞಾನ ಕಲಿಸುತ್ತಿದ್ದ ಪ್ರೊ. ಜಿ.ವಿ. ಲೋಗನಾಥನ್ ಒಬ್ಬರು. ಆ ದಿನದ ಬಗ್ಗೆ ಹೆಚ್ಚು ಬರೆಯಲಾರೆ. ಮುಂದಿನ ಹಂಗಾಮಿನಲ್ಲಿ ಡಬ್ಬಿಯೊಳಗೆ ಆ 32 ಹೆಸರುಗಳಿದ್ದವು. ಸೆಪ್ಟೆಂಬರ್ 1ರಂದು ಈಸ್ಟ್ ಕ್ಯಾರೊಲಿನಾ ವಿರುದ್ಧ ನಾವು 17–7ರಿಂದ ಗೆದ್ದೆವು. ಪಂದ್ಯ ಅಷ್ಟೇನೂ ಚೆನ್ನಾಗಿರಲಿಲ್ಲ, ಆದರೂ ಮುಗಿದ ಮೇಲೆ ಎದ್ದು ಹೋಗಲು ಯಾರಿಗೂ ಮನಸ್ಸಿರಲಿಲ್ಲ. ಮರುವಾರವೇ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ತಂಡ ಇದೇ ರಕ್ಷಣೆಯನ್ನು ಸೀಳಿ 48–7ರಿಂದ ಸೋಲಿಸಿತು.

ಫೋಸ್ಟರ್ ಅವರ ಜಾಣ್ಮೆಯನ್ನು ನಾನು ಪೂರ್ತಿ ಅರಿತದ್ದು ಬೆಂಗಳೂರಿಗೆ ಮರಳಿದ ಮೇಲೆ. 2014ರ ಸೆಪ್ಟೆಂಬರ್‌ನ ಒಂದು ಭಾನುವಾರ ಬೆಳಗ್ಗೆ ಐದೂವರೆಗೆ ಎದ್ದು, ಲ್ಯಾಪ್‌ಟಾಪ್ ಮುಂದೆ ಕೂತು ಒಹಾಯೊ ಸ್ಟೇಟ್ ವಿರುದ್ಧದ ಪಂದ್ಯ ನೋಡಿದೆ. ಎದುರಾಳಿಯ ಮಧ್ಯದ ಮೂವರ ಮುಖಕ್ಕೆ ಮುಖ ಕೊಟ್ಟು ಒಬ್ಬೊಬ್ಬರನ್ನು ನಿಲ್ಲಿಸುವ 'ಬೇರ್' ವ್ಯೂಹವನ್ನು ಫೋಸ್ಟರ್ ಅಂದು ಬಳಸಿದರು. ಮಧ್ಯದಲ್ಲಿ ಓಡಲು ದಾರಿಯಿಲ್ಲದ ಹೊಸ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ನಡೆಸುವ, ಚೆಂಡು ಎಸೆಯುವ ಆಟಗಾರ) ಎಸೆಯಲೇಬೇಕಾಯಿತು. ಅವನ 29 ಎಸೆತಗಳಲ್ಲಿ ಗುರಿ ಮುಟ್ಟಿದ್ದು 9. ಮೂರು ನಮ್ಮವರ ಕೈ ಸೇರಿದವು, ಏಳು ಸಲ ಅವನನ್ನು ನೆಲಕ್ಕೆ ಕೆಡವಿದರು. 35–21. ಆ ವರ್ಷ ರಾಷ್ಟ್ರೀಯ ಚಾಂಪಿಯನ್ ಆದದ್ದು ಇದೇ ಒಹಾಯೊ ಸ್ಟೇಟ್, ಅದರ ಏಕೈಕ ಸೋಲು ಇದು.

ಕೊನೆಯ ವರ್ಷಗಳು ಸುಲಭವಾಗಿರಲಿಲ್ಲ. 2018ರಲ್ಲಿ ಓಲ್ಡ್ ಡೊಮಿನಿಯನ್‌ನಂಥ ದುರ್ಬಲ ತಂಡ 49 ಅಂಕ ಹೊಡೆದಾಗ ನಾನು ಅರ್ಧಕ್ಕೇ ಎದ್ದುಹೋದೆ, ಈಗ ನಾಚಿಕೆಯಾಗುತ್ತದೆ. ಹಂಗಾಮಿನ ಕೊನೆಗೆ ನಿವೃತ್ತರಾಗುವುದಾಗಿ 2019ರ ಆಗಸ್ಟ್‌ನಲ್ಲಿ ಅವರು ಪ್ರಕಟಿಸಿದರು. ನವೆಂಬರ್‌ನಲ್ಲಿ ಜಾರ್ಜಿಯಾ ಟೆಕ್ ವಿರುದ್ಧ 45–0, ಮರುವಾರ ಲೇನ್ ಸ್ಟೇಡಿಯಮ್ಮಿನ ಅವರ ಕಡೆಯ ಪಂದ್ಯದಲ್ಲಿ ಪಿಟ್ಸ್‌ಬರ್ಗ್ ವಿರುದ್ಧ 28–0. ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಡಿಸೆಂಬರ್ 31ರಂದು, ಅವರ ವೃತ್ತಿಯ ಕೊನೆಯ ಪಂದ್ಯದಲ್ಲಿ, ಅವರು ಹುಟ್ಟಿದ ರಾಜ್ಯದ್ದೇ ಆದ ಕೆಂಟಕಿ ತಂಡ 15 ಸೆಕೆಂಡು ಉಳಿದಿರುವಾಗ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಪಡೆಯುವ ಆರು ಅಂಕ) ಗಳಿಸಿ ಮುಂದೆ ಹೋಗಿ, ಕೊನೆಗೆ 37–30ರಿಂದ ಗೆದ್ದಿತು. ಇಲ್ಲಿ ಆಗಲೇ ಹೊಸ ವರ್ಷ ಬಂದಾಗಿತ್ತು, ಬೀದಿಯ ಪಟಾಕಿಗಳೂ ನಿಂತಿದ್ದವು. ಮನೆಯವರನ್ನು ಎಬ್ಬಿಸದಂತೆ ಲ್ಯಾಪ್‌ಟಾಪ್ ಮುಚ್ಚಿದೆ.