ಅಗ್ಗದ ಚಹಾವನ್ನು ಕಡಲಿಗೆ ಸುರಿದದ್ದೇಕೆ?

ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಅಮೆರಿಕದ ಸ್ವಾತಂತ್ರ್ಯ ಸಮರದ ಪಾಠ ಬಂದಾಗ ಪ್ರತಿ ವರ್ಷವೂ ತರಗತಿಯ ಯಾವುದಾದರೊಂದು ಬೆಂಚಿನಿಂದ ಒಂದೇ ಪ್ರಶ್ನೆ ಏಳುತ್ತದೆ: ‘ಸರ್, 1773ರ ಚಹಾ ಕಾಯ್ದೆಯಿಂದ ಚಹಾದ ಬೆಲೆ ಇಳಿಯಿತು ಎನ್ನುತ್ತೀರಿ. ಬೆಲೆ ಇಳಿದರೆ ಜನ ಸಂತೋಷಪಡಬೇಕಲ್ಲವೆ? ಬಾಸ್ಟನ್ನಿನವರು ಅದನ್ನು ಸಮುದ್ರಕ್ಕೆ ಸುರಿದದ್ದೇಕೆ?’ ಆಮದು ಸುಂಕದ ಜಗಳಗಳು ದಿನಪತ್ರಿಕೆಯ ಮುಖಪುಟಕ್ಕೆ ಬಂದ ಮೇಲೆ ನೆಂಟರೂ ಸಹೋದ್ಯೋಗಿಗಳೂ ಇದನ್ನೇ ಕೇಳತೊಡಗಿದ್ದಾರೆ. ಗಂಟೆ ಹೊಡೆಯುವುದರೊಳಗೆ ಹೇಳಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಪಠ್ಯಪುಸ್ತಕದಲ್ಲಿ ‘ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ’ ಎಂಬ ಸಿದ್ಧ ಉತ್ತರವಿದೆ. ಅದು ಸುಳ್ಳಲ್ಲ. ಆದರೆ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ವಸಾಹತುಗಳಿಗೆ ಪ್ರತಿನಿಧಿಗಳಿಲ್ಲದಿದ್ದುದು 1773ರಲ್ಲಿ ಹೊಸದಾಗಿ ಗೊತ್ತಾದ ಸಂಗತಿಯಲ್ಲ. ನೂರಿಪ್ಪತ್ತು ವರ್ಷ ಅದೇ ಪಾರ್ಲಿಮೆಂಟಿನ ವ್ಯಾಪಾರ ಕಾನೂನುಗಳ ಕೆಳಗೆ ಬದುಕಿದ ಜನ ಒಮ್ಮೆಲೇ ತಿರುಗಿಬಿದ್ದದ್ದು ಏಕೆ ಎಂಬುದನ್ನು ಆ ಘೋಷಣೆಯೊಂದೇ ಬಿಡಿಸಿ ಹೇಳುವುದಿಲ್ಲ.

1651ರಿಂದ ಒಂದರ ಮೇಲೊಂದು ಬಂದ ನೌಕಾಯಾನ ಕಾಯ್ದೆಗಳ ಸಾರ ಸರಳವಾಗಿತ್ತು. ವಸಾಹತುಗಳ ಸರಕು ಇಂಗ್ಲಿಷ್ ಹಡಗುಗಳಲ್ಲಿಯೇ ಸಾಗಬೇಕು. ತಂಬಾಕು, ಸಕ್ಕರೆ, ನೀಲಿಯಂತಹ ಕೆಲವು ಪದಾರ್ಥಗಳನ್ನು ಇಂಗ್ಲೆಂಡಿಗೋ ಅದರ ಇತರ ವಸಾಹತುಗಳಿಗೋ ಅಲ್ಲದೆ ಬೇರೆಲ್ಲಿಗೂ ಕಳಿಸಕೂಡದು. ಯುರೋಪಿನ ಸರಕು ಅಮೆರಿಕಕ್ಕೆ ಹೋಗಬೇಕಾದರೆ ಮೊದಲು ಇಂಗ್ಲೆಂಡಿನ ಬಂದರನ್ನು ಮುಟ್ಟಿ ಹೋಗಬೇಕು. ಮುಂದೆ ಉಣ್ಣೆಬಟ್ಟೆ, ಟೋಪಿ, ಕಬ್ಬಿಣಗಳ ತಯಾರಿಕೆಗೂ ಮಾರಾಟಕ್ಕೂ ಕಟ್ಟುಪಾಡುಗಳು ಬಂದವು. ಆದರೂ ದಂಗೆಯಾಗಲಿಲ್ಲ. ವಸಾಹತುಗಾರರ ಹಡಗುಗಳನ್ನೂ ‘ಇಂಗ್ಲಿಷ್ ಹಡಗು’ ಎಂದೇ ಎಣಿಸಿದ್ದರಿಂದ ನ್ಯೂ ಇಂಗ್ಲೆಂಡಿನ (ಬಾಸ್ಟನ್ ಸುತ್ತಲಿನ ಉತ್ತರದ ವಸಾಹತುಗಳ) ಹಡಗುಕಟ್ಟೆಗಳು ಈ ಕಾಯ್ದೆಗಳಿಂದಲೇ ಬೆಳೆದವು ಎಂಬುದು ಒಂದು ಕಾರಣ. ನುಂಗಲಾಗದ ಕಾನೂನನ್ನು ಯಾರೂ ಜಾರಿ ಮಾಡುತ್ತಿರಲಿಲ್ಲ ಎಂಬುದು ಇನ್ನೊಂದು ಮತ್ತು ನನ್ನ ಮಟ್ಟಿಗೆ ಮುಖ್ಯವಾದ ಕಾರಣ.

ಇದಕ್ಕೆ ಕಾಕಂಬಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ಮಂಡ್ಯದ ಕಡೆಯ ಮಕ್ಕಳಿಗೆ ಕಾಕಂಬಿ ಎಂದರೇನು ಎಂದು ವಿವರಿಸಬೇಕಾಗಿಲ್ಲ: ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಸಾರಾಯಿಯ ಕಚ್ಚಾವಸ್ತು. ನ್ಯೂ ಇಂಗ್ಲೆಂಡಿನವರು ಅದರಿಂದ ರಮ್ ಇಳಿಸುತ್ತಿದ್ದರು. ಫ್ರಾನ್ಸಿನ ಸರ್ಕಾರ ತನ್ನ ಬ್ರಾಂದಿಗೆ ಪೈಪೋಟಿಯಾಗದಂತೆ ರಮ್ಮಿಗೆ ತಡೆಯೊಡ್ಡಿದ್ದರಿಂದ ಫ್ರೆಂಚ್ ಕೆರಿಬಿಯನ್ ದ್ವೀಪಗಳಲ್ಲಿ ಕಾಕಂಬಿ ಬಹಳ ಅಗ್ಗವಾಗಿ ಸಿಗುತ್ತಿತ್ತು. (ಆ ದ್ವೀಪಗಳ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ತಂದ ಗುಲಾಮರು; ವ್ಯಾಪಾರದ ಸ್ವಾತಂತ್ರ್ಯದ ಬಗ್ಗೆ ಮುಂದೆ ಕೇಳಿಬಂದ ದೊಡ್ಡ ಮಾತುಗಳ ಅಡಿಯಲ್ಲಿ ಅವರ ಬೆವರಿತ್ತು ಎಂಬುದನ್ನು ನಾನು ತರಗತಿಯಲ್ಲಿ ಹೇಳದೆ ಬಿಡುವುದಿಲ್ಲ.) ಬ್ರಿಟಿಷ್ ದ್ವೀಪಗಳ ತೋಟದ ಮಾಲೀಕರು ಲಂಡನ್ನಿನಲ್ಲಿ ತಮಗಿದ್ದ ಪ್ರಭಾವವನ್ನು ಬಳಸಿ, 1733ರಲ್ಲಿ ಪರದೇಶದ ಕಾಕಂಬಿಯ ಮೇಲೆ ಗ್ಯಾಲನ್ನಿಗೆ ಆರು ಪೆನ್ಸ್ ಸುಂಕ ಹಾಕಿಸಿದರು. ಅದನ್ನು ನಿಜವಾಗಿ ವಸೂಲು ಮಾಡಿದ್ದರೆ ಬಾಸ್ಟನ್ನಿನ ಭಟ್ಟಿಗಳು ಮುಚ್ಚಿಹೋಗುತ್ತಿದ್ದವು. ಆದದ್ದೇ ಬೇರೆ. ಸುಂಕದ ಅಧಿಕಾರಿಯ ಕೈಗೆ ಗ್ಯಾಲನ್ನಿಗೆ ಒಂದೋ ಒಂದೂವರೆಯೋ ಪೆನ್ನಿ ಇಟ್ಟರೆ ಪೀಪಾಯಿಗಳು ದಡಕ್ಕೆ ಉರುಳುತ್ತಿದ್ದವು. ಇದು ಎಷ್ಟು ರೂಢಿಯಾಗಿತ್ತೆಂದರೆ, ಅಮೆರಿಕದ ಸುಂಕದ ಇಲಾಖೆಗೆ ವರ್ಷಕ್ಕೆ ಬರುತ್ತಿದ್ದ ವರಮಾನ ಸುಮಾರು 2,000 ಪೌಂಡ್, ಅದನ್ನು ನಡೆಸುವ ಖರ್ಚು ಸುಮಾರು 8,000 ಪೌಂಡ್!

ಫ್ರಾನ್ಸಿನೊಂದಿಗಿನ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ನಿನ ತಲೆಯ ಮೇಲೆ ಭಾರಿ ಸಾಲ ಕೂತಿತ್ತು. ಪ್ರಧಾನಿ ಜಾರ್ಜ್ ಗ್ರೆನ್ವಿಲ್ ಈ ಲೆಕ್ಕ ನೋಡಿ, 1764ರ ಸಕ್ಕರೆ ಕಾಯ್ದೆಯಲ್ಲಿ ಕಾಕಂಬಿಯ ಸುಂಕವನ್ನು ಆರರಿಂದ ಮೂರು ಪೆನ್ಸಿಗೆ ಇಳಿಸಿದ. ಗಮನಿಸಿ, ಇಲ್ಲಿಯೂ ದರ ಇಳಿಯಿತು, ಇಲ್ಲಿಯೂ ಸಿಟ್ಟು ಏರಿತು. ಏಕೆಂದರೆ ಆರು ಪೆನ್ಸ್ ಕಾಗದದ ಮೇಲಿನ ಸುಂಕವಾಗಿತ್ತು, ಮೂರು ಪೆನ್ಸ್ ವಸೂಲು ಮಾಡಿಯೇ ತೀರುವ ಸುಂಕವಾಗಿತ್ತು. ಅದರ ಬೆನ್ನಿಗೆ ಬಂದ ಏರ್ಪಾಡುಗಳನ್ನು ನೋಡಬೇಕು. ನೌಕಾಪಡೆಯ ಅಧಿಕಾರಿಗಳಿಗೂ ಹಡಗು ಹಿಡಿಯುವ ಅಧಿಕಾರ ದೊರೆಯಿತು. ಈಗಿನ ಕೆನಡಾದಲ್ಲಿರುವ ದೂರದ ಹ್ಯಾಲಿಫ್ಯಾಕ್ಸಿನಲ್ಲಿ ತೆರೆದ ನೌಕಾ ನ್ಯಾಯಾಲಯದಲ್ಲಿ ಜ್ಯೂರಿ ಇರಲಿಲ್ಲ. ಸರಕು ಸಕ್ರಮವಾಗಿಯೇ ಬಂದದ್ದು ಎಂದು ಸಾಬೀತುಪಡಿಸುವ ಹೊಣೆ ಮಾಲೀಕನದೇ ಆಗಿತ್ತು. ಹಡಗು ಜಪ್ತಿಯಾದರೆ ಬಂದ ಹಣದಲ್ಲಿ ಒಂದು ಪಾಲು ರಾಜನಿಗೆ, ಒಂದು ಪಾಲು ಗವರ್ನರಿಗೆ, ಒಂದು ಪಾಲು ಹಿಡಿದವನಿಗೆ ಸಲ್ಲುತ್ತಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆ; ಜಪ್ತಿಯಲ್ಲಿ ತನಗೂ ಪಾಲಿರುವ ಸುಂಕದವನಾದರೆ ಕೇಳುವುದೇ ಬೇಡ.

ನನ್ನ ವಾದಕ್ಕೆ ತೊಡಕಾಗುವ ಒಂದು ಸಂಗತಿಯನ್ನೂ ಹೇಳಬೇಕು. 1766ರಲ್ಲಿ ಕಾಕಂಬಿಯ ಸುಂಕವನ್ನು ಗ್ಯಾಲನ್ನಿಗೆ ಒಂದು ಪೆನ್ನಿಗೆ ಇಳಿಸಿದರು, ವರ್ತಕರು ಅದನ್ನು ಹೆಚ್ಚಿನ ಗದ್ದಲವಿಲ್ಲದೆ ಕಟ್ಟಿದರು. ಅದು ಹಳೆಯ ಲಂಚದ ಮೊತ್ತಕ್ಕೆ ಸಮೀಪವಾಗಿತ್ತು ಎಂಬುದು ನನ್ನ ಸಮಾಧಾನ. ತತ್ತ್ವಕ್ಕಾಗಿ ಹೋರಾಡಿದವರು ಕೂಡ ಲಾಭನಷ್ಟದ ತಕ್ಕಡಿಯನ್ನು ಪಕ್ಕಕ್ಕಿಟ್ಟಿರಲಿಲ್ಲ.

ಪತ್ರಿಕೆ, ದಸ್ತಾವೇಜುಗಳ ಮೇಲೆಲ್ಲ ತೆರಿಗೆ ಹಾಕಿದ ಸ್ಟಾಂಪು ಕಾಯ್ದೆಯ ಗಲಭೆ ಎಲ್ಲರಿಗೂ ಗೊತ್ತಿರುವುದೇ. 1765ರಲ್ಲಿ ಬಂದು ಮರುವರ್ಷವೇ ರದ್ದಾಯಿತು. ಚಹಾದ ಕಥೆಗೆ ಬೇಕಾದದ್ದು 1767ರ ಟೌನ್‌ಶೆಂಡ್ ಕಾಯ್ದೆ. ಗಾಜು, ಸೀಸ, ಬಣ್ಣ, ಕಾಗದ ಮತ್ತು ಚಹಾಗಳ ಮೇಲೆ ಸುಂಕ ಹಾಕಿದ ಆ ಕಾಯ್ದೆ, ಆ ಹಣದಿಂದ ವಸಾಹತುಗಳ ಗವರ್ನರುಗಳಿಗೂ ನ್ಯಾಯಾಧೀಶರಿಗೂ ಸಂಬಳ ಕೊಡಬಹುದೆಂದಿತು. ಅಲ್ಲಿಯವರೆಗೆ ಬಹುತೇಕ ವಸಾಹತುಗಳಲ್ಲಿ ಗವರ್ನರನ ಸಂಬಳವನ್ನು ಮಂಜೂರು ಮಾಡುತ್ತಿದ್ದುದು ಸ್ಥಳೀಯ ಶಾಸನಸಭೆ. ಅವನನ್ನು ಅಂಕೆಯಲ್ಲಿಡಲು ಅದರ ಕೈಯಲ್ಲಿದ್ದ ಹಗ್ಗ ಅದೊಂದೇ. ಬಾಸ್ಟನ್ನಿನಲ್ಲಿ ಸುಂಕದ ಕಮಿಷನರುಗಳ ಮಂಡಳಿಯೂ ನೆಲೆಯೂರಿತು. 1768ರ ಜೂನಿನಲ್ಲಿ ಅವರು ಜಾನ್ ಹ್ಯಾನ್‌ಕಾಕ್ ಎಂಬ ಶ್ರೀಮಂತ ವರ್ತಕನ ‘ಲಿಬರ್ಟಿ’ ಹಡಗನ್ನು ಜಪ್ತಿ ಮಾಡಿದಾಗ ಊರು ದಂಗೆಯೆದ್ದು ಕಮಿಷನರುಗಳು ಓಡಬೇಕಾಯಿತು. ಅಕ್ಟೋಬರಿನಲ್ಲಿ ಸೈನ್ಯ ಬಂದಿಳಿಯಿತು. ಸರ್ಕಾರ ಆ ‘ಲಿಬರ್ಟಿ’ಯನ್ನೇ ಸುಂಕದ ಕಾವಲು ಹಡಗಾಗಿ ಮಾಡಿಕೊಂಡಿತು. ಮರುವರ್ಷ ನ್ಯೂಪೋರ್ಟಿನ ಜನ ಅದನ್ನು ಸುಟ್ಟುಹಾಕಿದರು.

1770ರಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ಉಳಿದೆಲ್ಲ ಸುಂಕಗಳನ್ನು ತೆಗೆದು, ಚಹಾದ ಮೇಲೆ ರಾತಲಿಗೆ ಮೂರು ಪೆನ್ಸನ್ನು ಮಾತ್ರ ಉಳಿಸಿದ. ಅಮೆರಿಕನ್ನರು ಹಾಲೆಂಡಿನಿಂದ ಕಳ್ಳಸಾಗಣೆಯಲ್ಲಿ ತಂದ ಚಹಾ ಕುಡಿಯುತ್ತ ಅದರಿಂದ ತಪ್ಪಿಸಿಕೊಂಡರು.

ಇಲ್ಲಿ ಕಥೆಗೆ ನಮ್ಮ ನೆಲದ ನಂಟು ಬರುತ್ತದೆ. ಹೈದರಾಲಿಯೊಂದಿಗಿನ ಯುದ್ಧದ ಸುದ್ದಿ 1769ರಲ್ಲಿ ಲಂಡನ್ನಿಗೆ ಮುಟ್ಟಿದಾಗ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳ ಬೆಲೆ ಕುಸಿದಿತ್ತು. ಬಂಗಾಳದ ಕ್ಷಾಮ, 1772ರ ಬ್ಯಾಂಕುಗಳ ಮುಗ್ಗಟ್ಟು ಒಂದರ ಹಿಂದೊಂದು ಬಂದು ಕಂಪನಿ ದಿವಾಳಿಯ ಅಂಚಿಗೆ ಸರಿಯಿತು. ಅದರ ಲಂಡನ್ ಗೋದಾಮುಗಳಲ್ಲಿ ಸುಮಾರು 1.7 ಕೋಟಿ ರಾತಲು ಚೀನಾದ ಚಹಾ ಮಾರಾಟವಾಗದೆ ಬಿದ್ದಿತ್ತು. ಸರ್ಕಾರ ಕಂಪನಿಗೆ 14 ಲಕ್ಷ ಪೌಂಡ್ ಸಾಲ ಕೊಟ್ಟು, ಜೊತೆಗೆ ಚಹಾ ಕಾಯ್ದೆಯನ್ನೂ ಕೊಟ್ಟಿತು. ಹಳೆಯ ಕ್ರಮದಲ್ಲಿ ಕಂಪನಿ ಲಂಡನ್ನಿನಲ್ಲಿ ಹರಾಜು ಹಾಕಬೇಕಿತ್ತು, ವರ್ತಕರು ಕೊಂಡು ಅಮೆರಿಕಕ್ಕೆ ಕಳಿಸಬೇಕಿತ್ತು. ಈಗ ಇಂಗ್ಲೆಂಡಿನ ಆಮದು ಸುಂಕವೆಲ್ಲ ಕಂಪನಿಗೆ ವಾಪಸು, ಮಧ್ಯವರ್ತಿಗಳಿಲ್ಲ, ತಾನೇ ಆರಿಸಿದ ಏಜೆಂಟರ ಮೂಲಕ ನೇರ ಮಾರಾಟ. ಬೆಲೆ ಇಳಿದದ್ದು ಹೀಗೆ.

ಅಮೆರಿಕದ ಮೂರು ಪೆನ್ಸನ್ನೂ ತೆಗೆದುಬಿಡಿ ಎಂದು ಕಂಪನಿಯೇ ಕೇಳಿಕೊಂಡಿತ್ತು. ಇಲ್ಲದಿದ್ದರೆ ಅಮೆರಿಕನ್ನರು ಈ ಚಹಾ ಮುಟ್ಟುವುದಿಲ್ಲ ಎಂದು ಪಾರ್ಲಿಮೆಂಟಿನಲ್ಲಿ ಎಚ್ಚರಿಸಿದವರಿದ್ದರು. ನಾರ್ತ್ ಒಪ್ಪಲಿಲ್ಲ, ಏಕೆಂದರೆ ಗವರ್ನರುಗಳ ಸಂಬಳಕ್ಕೆ ಆ ಹಣ ಬೇಕಿತ್ತು, ತೆರಿಗೆ ಹಾಕುವ ಹಕ್ಕಿನ ಗುರುತಾಗಿಯೂ ಅದು ಬೇಕಿತ್ತು. ಹಾಗಾಗಿ ವಿದ್ಯಾರ್ಥಿಗಳ ಪ್ರಶ್ನೆಗೆ ನನ್ನ ಉತ್ತರ ಇದು: ಚಹಾ ಅಗ್ಗವಾಗಿದ್ದರಿಂದಲೇ ಅದು ಅಪಾಯಕಾರಿಯಾಯಿತು. ದುಬಾರಿ ಚಹಾವನ್ನು ಬಿಟ್ಟಿರಲು ಜನರಿಗೆ ಹೇಳಿಕೊಡಬೇಕಾಗಿರಲಿಲ್ಲ. ಕಳ್ಳಸಾಗಣೆಯ ಮಾಲಿಗಿಂತ ಅಗ್ಗವಾದ ಚಹಾ ಅಂಗಡಿಗೆ ಬಂದರೆ ಜನ ಕೊಳ್ಳುತ್ತಾರೆ, ಕೊಂಡವರೆಲ್ಲ ತಮಗರಿವಿಲ್ಲದೆ ಆ ಸುಂಕವನ್ನು ಕಟ್ಟುತ್ತಾರೆ, ಮತ್ತೆ ತಮ್ಮ ಗವರ್ನರನ ಮೇಲೆ ಅವರಿಗೆ ಹಿಡಿತವಿರುವುದಿಲ್ಲ. ಬಾಸ್ಟನ್ನಿನ ಏಜೆಂಟರಲ್ಲಿ ಗವರ್ನರ್ ಹಚಿನ್ಸನ್ನನ ಇಬ್ಬರು ಮಕ್ಕಳೂ ಇದ್ದರೆಂಬುದು ಸಂಶಯಕ್ಕೆ ತುಪ್ಪ ಸುರಿಯಿತು. ಬಂಗಾಳದಲ್ಲಿ ಜನರನ್ನು ಹಸಿವಿಗೆ ತಳ್ಳಿದ ಕಂಪನಿ ಈಗ ಅಮೆರಿಕಕ್ಕೆ ಕಣ್ಣು ಹಾಕಿದೆ ಎಂದು ಫಿಲಡೆಲ್ಫಿಯಾದ ಜಾನ್ ಡಿಕಿನ್ಸನ್ ಗುಪ್ತನಾಮದಲ್ಲಿ ಬರೆದ.

ಚಹಾ ಕಳ್ಳಸಾಗಣೆಯಿಂದ ಹಣ ಮಾಡಿದವರು ಈ ಸಿಟ್ಟನ್ನು ಊದಿ ಉರಿಸಿದರು ಎಂಬ ಮಾತೂ ನಿಜವೇ. ಆದರೆ 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ನಿನ ಗ್ರಿಫಿನ್ ಕಟ್ಟೆಯಲ್ಲಿ ಮೂರು ಹಡಗುಗಳನ್ನೇರಿ 342 ಪೆಟ್ಟಿಗೆಗಳನ್ನು ಒಡೆದವರಲ್ಲಿ ಬಡಗಿಗಳು, ಚಮ್ಮಾರರು, ಕೆಲಸ ಕಲಿಯುತ್ತಿದ್ದ ಹುಡುಗರು ಬಹಳ ಮಂದಿಯಿದ್ದರು. ಅವರಿಗೆಲ್ಲ ಕಳ್ಳಸಾಗಣೆಯ ಲಾಭವಿರಲಿಲ್ಲ. ಹಡಗು ಬಂದ ಇಪ್ಪತ್ತು ದಿನಗಳೊಳಗೆ ಸುಂಕ ಕಟ್ಟದಿದ್ದರೆ ಸರಕು ಸರ್ಕಾರದ ವಶವಾಗಿ ದಡಕ್ಕಿಳಿಯುತ್ತಿತ್ತು, ಮೊದಲ ಹಡಗಿನ ಗಡುವು ಮರುದಿನ ಮುಗಿಯುತ್ತಿತ್ತು, ತಿರುಗಿ ಹೋಗಲು ಗವರ್ನರ್ ಬಿಡಲಿಲ್ಲ.

ಕಂಪನಿ ತನ್ನ ನಷ್ಟವನ್ನು 9,659 ಪೌಂಡ್ ಎಂದು ಲೆಕ್ಕ ಹಾಕಿತು. ಅದನ್ನು ವಸೂಲು ಮಾಡಲೆಂದು 1774ರ ಜೂನಿನಲ್ಲಿ ಬಾಸ್ಟನ್ ಬಂದರನ್ನೇ ಮುಚ್ಚಿದರು, ಮರುವರ್ಷ ಏಪ್ರಿಲಿನಲ್ಲಿ ಗುಂಡು ಹಾರಿ ಯುದ್ಧ ಶುರುವಾಯಿತು. ಆ ಮೂರು ಪೆನ್ಸ್ ರದ್ದಾದದ್ದು 1778ರಲ್ಲಿ. ಸಾರಟೋಗದಲ್ಲಿ ಬ್ರಿಟಿಷ್ ಸೇನೆಯೊಂದು ಶರಣಾಗಿ, ಫ್ರಾನ್ಸು ಅಮೆರಿಕನ್ನರ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ, ವಸಾಹತುಗಳ ಮೇಲೆ ಇನ್ನು ತೆರಿಗೆ ಹಾಕುವುದಿಲ್ಲವೆಂದು ಪಾರ್ಲಿಮೆಂಟ್ ಕಾಯ್ದೆ ಮಾಡಿತು. ಆ ಕಾಯ್ದೆಯಲ್ಲಿಯೂ ಒಂದು ವಿನಾಯಿತಿಯಿತ್ತು: ವ್ಯಾಪಾರವನ್ನು ನಿಯಂತ್ರಿಸಲು ಬೇಕಾದ ಸುಂಕಗಳನ್ನು ಮಾತ್ರ ಹಾಕಬಹುದು.