ಅಕ್ಕನ ಫೋನಿನಲ್ಲಿ ಸೊನ್ನೆ

ಜೂನ್ 15, 2025, ಭಾನುವಾರ
ಕುವೆಂಪುನಗರ, ಮೈಸೂರು

ಬೆಳಿಗ್ಗೆ ಏಳಕ್ಕೇ ಮಂಡ್ಯದಿಂದ ಅಕ್ಕನ ಫೋನು. ದೊಡ್ಡಮ್ಮನ ಮಗಳು, ಮನೆಯಲ್ಲೇ ಕೂತು ಹೊರದೇಶದವರಿಗೆ ಡಿಸೈನ್ ಮಾಡಿಕೊಡುತ್ತಾಳೆ, ಅವರಲ್ಲಿ ಒಬ್ಬ ದುಡ್ಡನ್ನು ಬಿಟ್‌ಕಾಯಿನ್‌ನಲ್ಲೇ ಕೊಡುತ್ತಾನೆ. ಹಳೇ ಫೋನ್ ನೀರಿಗೆ ಬಿತ್ತಂತೆ. ಹೊಸದಕ್ಕೆ ನಾವು ಮೂವರು ಗೆಳೆಯರು ಮಾಡುತ್ತಿರುವ, ಬಿಟ್‌ಕಾಯಿನ್ ಪಡೆಯೋಕೆ ಕಳಿಸೋಕೆ ಬಳಸುವ ವಾಲೆಟ್ ಆ್ಯಪ್ ಮತ್ತೆ ಹಾಕಿಕೊಂಡು, ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಟ್ಟಿದ್ದ, ವಾಲೆಟ್‌ಗೆ ಕೀಲಿಯಂತಿರುವ 12 ಪದಗಳನ್ನು ಒಂದೊಂದಾಗಿ ಒತ್ತಿದ್ದಾಳೆ. ಬಂದದ್ದು 0.00000000.

"ಲೋ, ನನ್ನ ದುಡ್ಡು ಎಲ್ಲೋ ಹೋಯ್ತು?" ದನಿ ನಡುಗುತ್ತಿತ್ತು.

ಪದ ತಪ್ಪಿತೇನೋ ಅಂದುಕೊಂಡೆ. ಆದರೆ ಹಳೇ ಎರಡು ಜಮೆ ಪಟ್ಟಿಯಲ್ಲಿ ಕಾಣುತ್ತಿದ್ದವು, ಅದನ್ನು ಆಗಲೇ ಮಾರಿದ್ದಾಳೆ. ಹೋದ ತಿಂಗಳು ಬಂದದ್ದು ಮಾತ್ರ ಇಲ್ಲ. ಅಲ್ಲಿಗೆ ಪದಗಳು ಸರಿ, ತಪ್ಪು ನಮ್ಮದೇ.

ದುಡ್ಡು ಆ್ಯಪ್ ಒಳಗೆ ಇರುವುದಿಲ್ಲ, ಚೈನ್ ಮೇಲೆ, ಅಂದರೆ ಎಲ್ಲರೂ ನೋಡಬಹುದಾದ ಬಿಟ್‌ಕಾಯಿನ್ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ಆ 12 ಪದಗಳಿಂದ ಆ್ಯಪ್ ದುಡ್ಡು ಪಡೆಯುವ ವಿಳಾಸಗಳನ್ನು, ಅಂದರೆ ಖಾತೆ ಸಂಖ್ಯೆಯಂಥವನ್ನು, ಮೊದಲನೇ ವಿಳಾಸ, ಎರಡನೇ ವಿಳಾಸ ಅಂತ ಸಾಲಾಗಿ ಹುಟ್ಟಿಸಿ, ಪ್ರತಿಯೊಂದಕ್ಕೂ ಏನಾದರೂ ಬಂದಿದೆಯಾ ಅಂತ ಸರ್ವರನ್ನು ಕೇಳುತ್ತದೆ. ಸತತವಾಗಿ 20 ವಿಳಾಸ ಖಾಲಿ ಸಿಕ್ಕರೆ ಮುಂದೆ ಏನೂ ಇಲ್ಲ ಅಂತ ನಿಲ್ಲಿಸುತ್ತದೆ. ಇದು ಬಿಪ್ 44 ಅನ್ನುವ, ವಾಲೆಟ್‌ಗಳು ಪಾಲಿಸುವ ನಿಯಮದ ಪದ್ಧತಿ, 2014ರಿಂದ ಇದೆ, ಪದ್ಧತಿಯಲ್ಲಿ ದೋಷವಿಲ್ಲ. ನಾವು ಮಾಡಿದ ತಪ್ಪೇನೆಂದರೆ 'ಪಡೆಯಿರಿ' ಬಟನ್ ಒತ್ತಿದಾಗೆಲ್ಲ ಹೊಸ ವಿಳಾಸ ಕೊಟ್ಟುಬಿಡುತ್ತಿದ್ದೆವು. ಅಕ್ಕ ಸುಮ್ನೆ ನೋಡೋಕೆ ಅಂತಲೂ ಒತ್ತಿದ್ದಾಳೆ. ಆ ಗಿರಾಕಿ ದುಡ್ಡು ಹಾಕಿದ್ದು ಖಾಲಿ ಸಾಲು 20 ದಾಟಿದ ಮೇಲಿನ ವಿಳಾಸಕ್ಕೆ.

ತಿಂಡಿ ಬಿಟ್ಟು ತಿದ್ದೋಕೆ ಕೂತೆ. ಈಗ, ಒಮ್ಮೆ ಕೊಟ್ಟ ವಿಳಾಸಕ್ಕೆ ದುಡ್ಡು ಬರುವ ತನಕ ಬಟನ್ ಅದನ್ನೇ ತೋರಿಸುತ್ತದೆ. ಬೇಕೇ ಬೇಕು ಅಂದರೆ ಹೊಸದು ಕೊಡುತ್ತದೆ, ಆದರೆ ಖಾಲಿಯವು 20 ಆದ ಮೇಲೆ ಕೊಡುವುದಿಲ್ಲ. ಅಕ್ಕನ ಹಾಗೆ ಆಗಲೇ 20 ದಾಟಿರುವ ಹಳಬರಿಗಾಗಿ 'ಇನ್ನೂ ಮುಂದೆ ಹುಡುಕಿ' ಅಂತ ಒಂದು ಆಯ್ಕೆ, 200 ವಿಳಾಸದವರೆಗೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಸೊನ್ನೆ ಕಾಣುವ ಜಾಗ. ಇನ್ನು ಮೇಲೆ ಅಲ್ಲಿ ಎಷ್ಟು ವಿಳಾಸ ನೋಡಿದೆವು ಅಂತಲೂ ಕನ್ನಡದಲ್ಲೇ ಬರುತ್ತದೆ. ಬರೀ ಸೊನ್ನೆ ತೋರಿಸಿದರೆ ಎದೆ ಒಡೆದುಹೋಗುತ್ತೆ ಅಲ್ವಾ?

ಪರೀಕ್ಷೆಗೆಂದೇ ಇರುವ ಟೆಸ್ಟ್‌ನೆಟ್ ಜಾಲದಲ್ಲಿ 26ನೇ ವಿಳಾಸಕ್ಕೆ ಸ್ವಲ್ಪ ಕಳಿಸಿ, ಆ್ಯಪ್ ಅಳಿಸಿ, ಮತ್ತೆ ಹಾಕಿ ನೋಡಿದೆ. ಸಿಕ್ಕಿತು.

ಸಂಜೆ ತಿದ್ದಿದ ಆ್ಯಪ್ ಅಕ್ಕನಿಗೆ ಕಳಿಸಿದೆ. ಯಾರು ಕೇಳಿದರೂ ಆ ಪದಗಳನ್ನು ಹೇಳಬೇಡ, ನನಗೂ ಹೇಳಬೇಡ ಅಂತ ಅಕ್ಕನಿಗೆ ಮತ್ತೆ ಹೇಳಿ, ಫೋನ್ ಹಿಡಿದುಕೊಂಡೇ ಇದ್ದೆ. ಆ ಕಡೆಯಿಂದ ಅವಳು ಹುಡುಕಿದ ವಿಳಾಸಗಳ ಎಣಿಕೆ ಓದುತ್ತಿದ್ದಳು, 22, 27, 30. "ಬಂತು ಕಣೋ, ಬಂತು!"

ಐಫೋನ್ ಆವೃತ್ತಿಗೆ ಈ ತಿದ್ದುಪಡಿ ಇನ್ನೂ ಹೋಗಿಲ್ಲ. ರಾತ್ರಿಯೇ ಮುಗಿಸುತ್ತೇನೆ, ಅಲ್ಲೂ ಯಾರೋ ಸೊನ್ನೆ ನೋಡಿಕೊಂಡು ಕೂತಿರಬಹುದು.